ಮೇಣದೊಳಗೆ ಭದ್ರವಾಗಿದ್ದ ಅಮ್ಮ

ಆಸ್ಪತ್ರೆಯ ಲಿಫ್ಟಿನೆದುರಿನ ಬೆಂಚಿನಲ್ಲಿ ದರ್ಜಿಯೊಬ್ಬ ತನ್ನ ಸರದಿಗೆ ಕಾಯುತ್ತಿದ್ದ. ಡಾಕ್ಟರ ಕೋಣೆಯಿಂದ ಅಕ್ಕತಂಗಿಯರಿಬ್ಬರು ಬಂದು ಪಕ್ಕದಲ್ಲೇ ಕೂತರು. ತಂಗಿ ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ಕೇಳಬಾರದು ಅಂದುಕೊಂಡರೂ ದರ್ಜಿಯ ಕಿವಿ ಅತ್ತಲೇ ಹೋಯಿತು.

"ಇಲ್ಲ ಅಂದ್ರಲ್ಲೇ, ಇನ್ನಾದ್ರೂ ಉಸಿರು ಬಿಡು."

"ಹೋದ ವರ್ಷಾನೂ ಏನೂ ಕಾಣಿಸ್ತಿಲ್ಲ ಅಂದ್ರು ಅಕ್ಕ. ಆದ್ರೂ ಖಂಡಿತವಾಗಿ ಹೇಳಕ್ಕಾಗಲ್ಲ ಅಂತ ರಾಗ ಎಳೆದ್ರು."

"ಆಗ ನಮ್ಮ ಜೀನ್‌ನಲ್ಲಿ ಏನು ಹುಡುಕ್ಬೇಕು ಅಂತಾನೇ ಅವರಿಗೆ ಗೊತ್ತಿರ್ಲಿಲ್ಲ. ಈಗ ಅಮ್ಮನ ಎದೆ ಕ್ಯಾನ್ಸರ್ ಗಡ್ಡೇಲಿ ಅದನ್ನ ತಂದ ಜೀನ್ ದೋಷ ಸಿಕ್ಕಿದೆ. ಅದು ನನಗೂ ಬಂದಿಲ್ಲ, ನಿನಗೂ ಬಂದಿಲ್ಲ."

"ಅಮ್ಮ ಹೋಗಿ ಮೂವತ್ತು ವರ್ಷ ಆಯ್ತು. ಗಡ್ಡೆ ಎಲ್ಲಿತ್ತು?"

"ಆಪರೇಷನ್ ಮಾಡ್ದಾಗ ಒಂದು ಚೂರನ್ನ ಮೇಣದಲ್ಲಿ ಹಾಕಿ ಇಟ್ಟಿದ್ರಂತೆ. ಇಲ್ಲೇ ನೆಲಮಾಳಿಗೇಲಿ. ಬೆಂಕಿಪೊಟ್ಟಣದಷ್ಟೂ ಇಲ್ಲ."

ತಂಗಿ ದನಿ ತಗ್ಗಿಸಿದಳು.

"ಹಾಗಾದ್ರೆ ಮುಂಜಾಗ್ರತೆಗೆ ಅಂತ ಮುಂದಿನ ತಿಂಗಳು ನನ್ನ ಎದೆ ತೆಗೆಸೋದು?"

"ಇಲ್ಲದ ಕಾಯಿಲೆಗೆ ಇರೋದನ್ನ ಕೊಯ್ಸಿಕೊಳ್ತೀಯೇನೇ, ಹುಚ್ಚಿ?"

ತಂಗಿ ಅಳುತ್ತಲೇ ನಕ್ಕಳು.

"ಆ ಮೇಣಾನ ನಮಗೆ ಕೊಡ್ತಾರಾ ಅಕ್ಕ? ಅಮ್ಮಂದು ಅಂತ ನಮ್ಮ ಹತ್ರ ಏನೂ ಇಲ್ಲ."

"ಓಲೆ ಇತ್ತಲ್ಲ. ಒಂದು ಮದುವೆಗೆ ಹಾಕ್ಕೊಂಡು ಹೋಗಿ ಕಳೆದು ಬಂದ್ಯಲ್ಲ ಮಹರಾಯ್ತಿ! ಅಮ್ಮ ಇಲ್ಲೇ ಭದ್ರವಾಗಿರ್ಲಿ ಬಿಡು."

ಲಿಫ್ಟ್ ಬಂತು. ಇಬ್ಬರೂ ಕೈಕೈ ಹಿಡಿದು ಒಳಗೆ ಹೋದರು. ಅಷ್ಟು ಹೊತ್ತು ಎದೆಗೆ ಅವುಚಿಕೊಂಡಿದ್ದ ಚೀಲ ಬೆಂಚಿನ ಮೇಲೇ ಉಳಿದಿತ್ತು.

"ತಾಯೀ, ನಿಮ್ಮ ಚೀಲ!" ದರ್ಜಿ ಅದನ್ನು ಎತ್ತಿಕೊಂಡು ಓಡಿದ.

ಮುಚ್ಚುತ್ತಿದ್ದ ಬಾಗಿಲಿನ ಸಂದಿಯಿಂದ ಕೈ ಚಾಚಿ ಅಕ್ಕನೇ ಅದನ್ನು ಎಳೆದುಕೊಂಡಳು.

"ನೋಡಿದ್ಯಾ? ನಾನೇನು ಹೇಳ್ದೆ!"