ಮೊಬೈಲ್ ಇಲ್ಲದವರ ಬಾಟ್ಲಿ

ಭಾಲ್ಕಿಯಿಂದ ಬೀದರಿಗೆ ಹೊರಟ ಬಸ್ಸಿನಲ್ಲಿ, ಕುಮುದಿನಿಯ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ತಂಪು ಪಾನೀಯದ ಖಾಲಿ ಬಾಟಲಿಗಳ ಚೀಲ ಹಿಡಿದು ಕೂತಿದ್ದರು.

"ಬಾಟ್ಲಿ ವಾಪಸ್ ಕೊಟ್ರ ಸರ್ಕಾರದವ್ರು ರೊಕ್ಕ ಕೊಡ್ತೇವಂದಿದ್ರಲ್ಲ, ಜಿಜಾಬಾಯಿ?"

"ಈಗ ಕೈಯಾಗ ಕೊಡಂಗಿಲ್ಲಂತ. ಮೊಬೈಲಿಗೇ ಬರ್ತದಂತ."

"ಮೊಬೈಲ್ ಎಲ್ಲದ ನಿನ್ನ ಬಲ್ಲಿ?"

"ಅದಕ್ಕೇ ತಿರುಗಿಸಿ ಕಳಿಸಿದ್ರು. ಮತ್ತ ಗುಜರಿಗೇ ಹಾಕ್ತೇನಿ."

"ಯಾರ್ ಮಾಡಿದ್ರು ಈ ಕಾಯ್ದಾ?"

"ಯಾರೋ ಓದಿದವರು. ನಮ್ಮಂಥವರ ಖಯಾಲ ಬಂದಿರಂಗಿಲ್ಲ, ಪಾಪ."

ಬಾಟಲಿ ವಾಪಸಾತಿಯ ನಿಯಮ ತಿದ್ದಿದ ಸರ್ಕಾರಿ ಸಮಿತಿಯಲ್ಲಿ, ಮೋಸ ತಡೆಯಲು ಮೊಬೈಲ್ ಕಡ್ಡಾಯ ಮಾಡೋಣ ಎಂದವಳು ಕುಮುದಿನಿಯೇ. ಹೇಳಿಬಿಡಬೇಕೆಂದು ಮುಂದಕ್ಕೆ ಬಾಗಿದಳು, ಮತ್ತೆ ಹಿಂದಕ್ಕೆ ಒರಗಿದಳು.

ನೌಬಾದದಲ್ಲಿ ಅವರು ಇಳಿಯುವಾಗ ಚೀಲ ಬಾಗಿಲಿಗೆ ಸಿಕ್ಕಿಕೊಂಡಿತು. ಕುಮುದಿನಿ ಎದ್ದುಹೋಗಿ ಬಿಡಿಸಿಕೊಟ್ಟಳು.

"ಪುಣ್ಯ ಬರ್ಲಿರಿ ನಿಮಗ," ಎಂದು ಜಿಜಾಬಾಯಿ ಇಳಿದುಹೋದಳು.