ಸದ್ದಿಲ್ಲದೆ ಇಳಿದ ವಿಮಾನ

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಯಾರೋ ಹೇಳಿದ್ದಕ್ಕೆ ಉಪ್ಪುಖಾರ ಹಚ್ಚಿ ಹೇಳುತ್ತಿಲ್ಲ. ಲೈಟು ಬೇಕಿದ್ದರೆ ಉರಿಯಲಿ, ನನಗೇನೂ ಅಡ್ಡಿಯಿಲ್ಲ. ಮಧ್ಯೆ ಮಾತ್ರ ಬಾಯಿ ಹಾಕಬೇಡಿ.

ಆ ರಾತ್ರಿ ಅವನು ಮಕ್ಕಳ ಶಾಲೆಯ ಕಾಂಪೌಂಡಿನ ಪಕ್ಕದ ದಾರಿಯಲ್ಲಿ ಮನೆಗೆ ನಡೆದು ಬರುತ್ತಿದ್ದ. ಕೊನೆಯ ಬಸ್ಸು ತಪ್ಪಿತ್ತು. ಕಾಂಪೌಂಡಿನ ಮೂಲೆಯಲ್ಲಿ ಒಂದು ಹಳೇ ಬಾವಿ ಇದೆ. ಮಕ್ಕಳು ಬೀಳದಿರಲಿ ಎಂದು ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಅದನ್ನು ದಾಟಿದ್ದೇ ತಡ, ಬೆನ್ನ ಹಿಂದೆ ಸದ್ದು.

ಕಿರ್ರ್... ಟಕ್. ಕಿರ್ರ್... ಟಕ್.

ಎಣ್ಣೆ ಕಾಣದ ಚಕ್ರದ ಸದ್ದು. ಅವನು ನಿಂತ. ಅದೂ ನಿಂತಿತು...

ತಾಳಿ. ಆ ಸದ್ದು ಯಾರದ್ದು ಅಂತ ಮೊದಲು ಹೇಳಬೇಕು.

ಮನೆಯಲ್ಲಿ ನಮಗೆಲ್ಲ ಅವನು ಪೈಲಟಣ್ಣ. ವಿಮಾನ ಹಾರಿಸುವುದನ್ನು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ವಿಮಾನ ಅಂದರೆ ದೊಡ್ಡದಲ್ಲ, ಎರಡೇ ಸೀಟಿನದು. ರೆಕ್ಕೆ ಕಟ್ಟಿದ ಸ್ಕೂಟರ್ ಎಂದು ನಮ್ಮಜ್ಜಿ ಅದನ್ನು ಕರೆಯುತ್ತಿದ್ದಳು. ಮೇಲೆ ಹೋಗುತ್ತಿರುವಾಗ ತಟಕ್ಕನೆ ಇಂಜಿನ್ ತಗ್ಗಿಸಿ, "ಇಂಜಿನ್ ಹೋಯ್ತು. ಎಲ್ಲಿ ಇಳಿಸ್ತೀಯ?" ಎಂದು ಕೇಳುವುದು ಅವನ ಪಾಠಗಳಲ್ಲೊಂದು. ಕಲಿಯುವವರು ಕೆಳಗೆ ಖಾಲಿ ಜಾಗ ಹುಡುಕಿ, ವಿಮಾನವನ್ನು ತೇಲಿಸುತ್ತ ಅದರ ಹತ್ತಿರ ತರಬೇಕು. ತಂದರೆ ಸರಿ, ಮತ್ತೆ ಇಂಜಿನ್ ಏರಿಸಿಕೊಂಡು ಮೇಲಕ್ಕೆ. ನಿಜವಾಗಿ ಇಳಿಯುವುದಿಲ್ಲ.

ಆದರೆ ಅದರಲ್ಲಿ ಒಂದು ಎಚ್ಚರ ಬೇಕು. ತೇವದ ಗಾಳಿಯಲ್ಲಿ ಇಂಜಿನ್ ಬಹಳ ಹೊತ್ತು ತಗ್ಗಿಯೇ ಇದ್ದರೆ ಅದು ಗಾಳಿ ಎಳೆದುಕೊಳ್ಳುವ ಗಂಟಲಲ್ಲಿ ಹಿಮ ಕಟ್ಟಿಕೊಂಡು ಇಂಜಿನ್ನೇ ನಿಂತುಹೋಗುತ್ತದೆ. ಅದಕ್ಕೇ ಬಿಸಿಗಾಳಿ ಬಿಡುವ ಗುಂಡಿಯೊಂದನ್ನು ಎಳೆದಿಡಬೇಕು, ನಡುನಡುವೆ ಇಂಜಿನ್ನನ್ನು ಒಮ್ಮೆ ಗುರುಗುಟ್ಟಿಸಬೇಕು. ಅದನ್ನು ನೆನಪು ಮಾಡುವುದು ಮೇಷ್ಟ್ರ ಕೆಲಸ.

ಆ ದಿನ ಮೋಡ ಮುಸುಕಿತ್ತು. ಪಕ್ಕದ ಸೀಟಿನಲ್ಲಿದ್ದವಳು ಇನ್ನೂ ಕಾಲೇಜು ಮುಗಿಸದ ಹುಡುಗಿ. ಇಂಜಿನ್ ತಗ್ಗಿಸಿ ಕೇಳಿದ್ದಕ್ಕೆ ಅವಳು ಊರಾಚೆಯ ಒಂದು ಹೊಲ ತೋರಿಸಿದಳು. ಹೊಲದ ನಡುವೆ ಕರೆಂಟ್ ತಂತಿ.

"ತಂತಿ ಮೇಲೆ ಬಟ್ಟೆ ಒಣಗಿಸೋಕೆ ಹೊರಟಿದ್ದೀಯೇನಮ್ಮ?" ಎಂದು ಪೈಲಟಣ್ಣ ನಕ್ಕ. ಅವನಿಗೆ ರೇಗಿಸುವ ಚಟ. ಅವಳೂ ನಕ್ಕಳು. ಇನ್ನೊಂದು ಹುಡುಕು ಎಂದ, ಅದೂ ಸರಿಯಿಲ್ಲ ಎಂದ, ಅದಕ್ಕೊಂದು ಜೋಕು. ಗಾಳಿ ಅವರನ್ನು ಊರಿನ ಮೇಲಕ್ಕೆ ತಳ್ಳುತ್ತಿತ್ತು. ಮಾತಿನ ಭರದಲ್ಲಿ ಗುಂಡಿಯ ನೆನಪೇ ಅವನಿಗೆ ಬರಲಿಲ್ಲ. ಸಾಕು ಎಂದು ಇಂಜಿನ್ ಏರಿಸಲು ಹೋದರೆ ಅದು ಫುಸ್ ಎಂದು ಕೆಮ್ಮಿತು. ಮೂತಿಯ ಪಂಖ ಕಣ್ಣೆದುರೇ ನಿಂತುಹೋಯಿತು.

ಕೆಳಗೆ ನೋಡಿದರೆ ಬರೀ ಟೆರೇಸು, ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ. ಖಾಲಿ ಇದ್ದದ್ದು ಆ ಬಾವಿಯಿರುವ ಶಾಲೆಯ ಮೈದಾನವೊಂದೇ. ಅವತ್ತು ರಜೆ. ಪೈಲಟಣ್ಣ ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡು ಅಲ್ಲಿಗೇ ಇಳಿಸಿದ. ಇಬ್ಬರಿಗೂ ಒಂದು ತರಚುಗಾಯ ಕೂಡ ಆಗಲಿಲ್ಲ.

ಮೈದಾನದಲ್ಲಿ ಗೆರೆ ತಾತ ಇದ್ದ.

ತಾತ ಆ ಶಾಲೆಯ ಹಳೇ ಜವಾನ. ಓಟದ ಪಂದ್ಯಕ್ಕೆ ಸುಣ್ಣದ ನೀರಿನ, ಕಿರ್ರ್ ಟಕ್ ಎನ್ನುವ ಪುಟ್ಟ ಗಾಡಿ ತಳ್ಳುತ್ತ ಗೆರೆ ಎಳೆಯುತ್ತಿದ್ದ. ಹಗ್ಗ ಬೇಡ, ಅಳತೆ ಬೇಡ, ಬರೀ ಕಣ್ಣಂದಾಜು. ಗೆರೆ ಮುಗಿದ ಕಡೆ ಗಾಡಿ ತಿರುಗಿಸಿ ಗೇಣುದ್ದದ ಒಂದು ಅಡ್ಡಗೆರೆ ಹಾಕುತ್ತಿದ್ದ. ಮುಗೀತು ಅಂತ ಅದರ ಅರ್ಥ. "ತಾತ, ರುಜು ಹಾಕಿದ್ಯಾ?" ಎಂದು ಮಕ್ಕಳು ಕಾಡುತ್ತಿದ್ದರು. ಕಿವಿ ಏನೂ ಮಂದವಲ್ಲ ಅವನದು. ಮೈದಾನದ ಆ ತುದಿಯಲ್ಲಿ ಚಾಕ್ಲೇಟಿನ ಕಾಗದ ಬಿಚ್ಚಿದರೆ ಈ ತುದಿಯಲ್ಲಿ ಕೈ ಚಾಚುವ ಆಸಾಮಿ. ಆದರೆ ಇಂಜಿನ್ ನಿಂತ ವಿಮಾನ ಏನು ಸದ್ದು ಮಾಡೀತು? ಸುಂಯ್... ಅಂತ ಗಾಳಿ ಬೀಸಿದ ಹಾಗೆ, ಅಷ್ಟೇ. ತಾತ ಬೆನ್ನು ಬಗ್ಗಿಸಿ ಗಾಡಿ ತಳ್ಳುತ್ತಿದ್ದ. ರೆಕ್ಕೆ ಬಡಿಯಿತು. ಗೆರೆ ಅರ್ಧಕ್ಕೆ ನಿಂತಿತು.

ಇಡೀ ಬಡಾವಣೆ ಉಳಿಸಿದ ಧೀರ ಎಂದು ಪೇಪರಿನವರು ಪೈಲಟಣ್ಣನ ಫೋಟೋ ಹಾಕಿದರು. ಅವನು ಅದನ್ನು ನೋಡಿ ಮಡಚಿಟ್ಟ. ಏನೂ ಅನ್ನಿಸಲಿಲ್ಲವಂತೆ. ದುಃಖ ಬರುತ್ತದೆ ಎಂದು ಕಾದ, ಅದೂ ಬರಲಿಲ್ಲ. ಚಿಕ್ಕಮ್ಮ ಕೊಟ್ಟ ಹಬೆಯಾಡುವ ಟೀಯನ್ನು ನೀರಿನ ಹಾಗೆ ಗಟಗಟ ಕುಡಿದ. ನಾಲಿಗೆ ಬೊಬ್ಬೆ ಎದ್ದದ್ದನ್ನು ಚಿಕ್ಕಮ್ಮನೇ ನೋಡಿ ಹೇಳಬೇಕಾಯಿತು.

ಆ ಹುಡುಗಿ ಫೋನ್ ಮಾಡಿದ್ದಳು. "ಸರ್, ಆ ಗುಂಡಿ ನಾನು ಎಳೀಬೇಕಿತ್ತಾ? ತಾತ ಹೋಗಿದ್ದು ನನ್ನಿಂದಾನಾ?"

"ಆಮೇಲೆ ಮಾತಾಡೋಣ" ಎಂದು ಇವನು ಫೋನ್ ಇಟ್ಟುಬಿಟ್ಟ. ಅವಳು ಅನ್ನ ನೀರು ಬಿಟ್ಟಿದ್ದಾಳೆ, ಗೋಡೆ ನೋಡುತ್ತ ಕೂತಿರುತ್ತಾಳೆ ಎಂದು ಅವಳಮ್ಮ ನಮ್ಮ ಚಿಕ್ಕಮ್ಮನ ಹತ್ತಿರ ಅತ್ತರು.

ಅಪಘಾತದ ವಿಚಾರಣೆಯ ಹಿಂದಿನ ಸಂಜೆ ಹಾರಾಟದ ಶಾಲೆಯ ಮಾಲೀಕ ಇವನನ್ನು ಕರೆಸಿ ಕೂರಿಸಿಕೊಂಡ. "ಹುಡುಗಿ ಗಾಬರೀಲಿ ಏನೋ ಎಡವಟ್ಟು ಮಾಡಿದ್ಲು ಅಂದುಬಿಡು. ಕಲಿಯೋಳು ತಾನೇ, ಅವಳನ್ನ ಯಾರೂ ಜೈಲಿಗೆ ಹಾಕಲ್ಲ. ನಿನ್ನ ಲೈಸೆನ್ಸೂ ಉಳಿಯುತ್ತೆ."

ಪೈಲಟಣ್ಣ ಹೂಂ ಅಂದ. ಹೂಂ ಅನ್ನುವಾಗಲೂ ಏನೂ ಅನ್ನಿಸಲಿಲ್ಲ. ಅಲ್ಲಿಂದ ಎದ್ದು ಬರುವಾಗಲೇ ಬಸ್ಸು ತಪ್ಪಿದ್ದು.

ಈಗ ಬಾವಿ ಹತ್ತಿರ ಬನ್ನಿ.

ಕಿರ್ರ್... ಟಕ್.

ತಿರುಗಿ ನೋಡಿದ. ಖಾಲಿ ರಸ್ತೆ. ಮುಚ್ಚಿದ ದರ್ಜಿ ಅಂಗಡಿ, ಅದರ ಮುಂದೆ ಮಿಣುಕುವ ಒಂದು ಬೀದಿದೀಪ. ಮೈದಾನದ ಗೇಟಿಗೆ ಪೊಲೀಸರ ಬೀಗ. ತಾತನ ಗಾಡಿ ನಜ್ಜುಗುಜ್ಜಾಗಿ ಪೊಲೀಸ್ ಸ್ಟೇಷನ್ನಿನಲ್ಲಿ ಬಿದ್ದಿದೆ, ಇವನೇ ಕಣ್ಣಾರೆ ನೋಡಿದ್ದ. ಮತ್ತೆ ಮುಂದಕ್ಕೆ ನಡೆದ. ಸದ್ದೂ ನಡೆಯಿತು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು.

ಕಿವಿಯ ಹತ್ತಿರ, ಪಿಸುದನಿಯಲ್ಲಿ...

"ಸದ್ದೇ ಬರಲಿಲ್ವಲ್ಲಪ್ಪ..."

ಬೈಯುವ ದನಿಯಲ್ಲ. ಬಸ್ಸು ಯಾಕೆ ಬರಲಿಲ್ಲ ಎಂದು ಪಕ್ಕದಲ್ಲಿ ನಿಂತವರನ್ನು ಕೇಳುವ ಹಾಗೆ. ಓಡಬೇಕು ಎಂದು ಪೈಲಟಣ್ಣನಿಗೆ ಗೊತ್ತು. ಆದರೂ ನಿಂತು ಉತ್ತರ ಕೊಟ್ಟ.

"ಇಂಜಿನ್ ನಿಂತಿತ್ತು ತಾತ."

"ಯಾಕೆ ನಿಂತಿತ್ತು?"

ಜಾಲರಿಯ ಕೆಳಗೆ ಎಲ್ಲೋ ಆಳದಲ್ಲಿ ತೊಟಕ್ ಎಂದು ಒಂದು ಹನಿ ಬಿತ್ತು.

"ಆ ಮಗು ತಪ್ಪು ಮಾಡಿತಾ?"

ಹೂಂ ಎಂದರೆ ಮುಗಿಯುತ್ತಿತ್ತು. ಮಾಲೀಕನ ಹತ್ತಿರ ಅಂದದ್ದೂ ಅದೇ ತಾನೇ. ನಾಲಿಗೆ ಹೊರಳಲಿಲ್ಲವಂತೆ.

"ಇಲ್ಲ ತಾತ... ನಾನು. ಬಿಸಿ ಗುಂಡಿ ಎಳೆಯೋದು ಮರೆತೆ. ಅವಳನ್ನ ರೇಗಿಸ್ತಾ ಇದ್ದೆ."

"ಹಾಗಾ..."

ಅಷ್ಟೇ. ಬೈಗುಳವಿಲ್ಲ, ಶಾಪವಿಲ್ಲ. ಕಿರ್ರ್... ಟಕ್. ಕಿರ್ರ್... ಟಕ್. ಸದ್ದು ಬೀಗ ಹಾಕಿದ ಗೇಟಿನ ಒಳಗೆ ಹೋಯಿತು, ಮೈದಾನದ ಉದ್ದಕ್ಕೂ ದೂರ ದೂರವಾಯಿತು. ಆ ತುದಿಯಲ್ಲಿ ಒಮ್ಮೆ ನಿಂತು, ಮತ್ತೆ ಒಂದೇ ಒಂದು ಸಲ... ಕಿರ್ರ್.

ಪೈಲಟಣ್ಣ ಅಲ್ಲೇ ನಿಂತು ಹುಡುಗಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಎತ್ತಿದಳು, ಪಾಪ, ಮಲಗಿರಲೇ ಇಲ್ಲ. "ನಿನ್ನಿಂದಲ್ಲ ಕಣಮ್ಮ, ನನ್ನಿಂದ. ನಾಳೆ ಅಲ್ಲೂ ಇದನ್ನೇ ಹೇಳ್ತೀನಿ." ಆ ಕಡೆಯಿಂದ ಬರೀ ಅಳು. ಅದು ನಿಲ್ಲುವವರೆಗೂ ಇವನು ಫೋನು ಹಿಡಿದೇ ನಿಂತಿದ್ದ.

ಬೆಳಕು ಹರಿಯುವ ಮುಂಚೆ ನಮ್ಮ ಮನೆಗೆ ಬಂದು ನನ್ನನ್ನು ಎಬ್ಬಿಸಿ ಎಲ್ಲ ಹೇಳಿದ. ನಿಮ್ಮ ಅತ್ತಿಗೆ ಟೀ ತಂದಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. "ಸುಡ್ತಿದೆ ಕಣೋ" ಎಂದ. ಎಷ್ಟೋ ದಿನದ ಮೇಲೆ ಅವನ ಕಣ್ಣಲ್ಲಿ ನೀರು ನೋಡಿದೆ.

ವಿಚಾರಣೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ. ಲೈಸೆನ್ಸ್ ಹೋಯಿತು. ಹುಡುಗಿ ಈಗ ಹಾರಿಸುತ್ತಾಳೆ.

ದೆವ್ವವೂ ಇಲ್ಲ, ಗಿವ್ವವೂ ಇಲ್ಲ, ತಲೆ ಕೆಟ್ಟಿತ್ತು ಅವನಿಗೆ ಎನ್ನುತ್ತೀರಿ. ಆಗಲಿ. ಆದರೆ ಅವತ್ತು ಬೆಳಿಗ್ಗೆ ವಿಚಾರಣೆಗೆ ಮುಂಚೆ ನಾನೇ ಅವನ ಜೊತೆ ಮೈದಾನಕ್ಕೆ ಹೋಗಿದ್ದೆ. ಗೇಟಿನ ಬೀಗ ಹಾಕಿದ ಹಾಗೇ ಇತ್ತು. ಕಾವಲಿನ ಪೊಲೀಸಪ್ಪ ನಮ್ಮೆದುರೇ ಅದನ್ನು ತೆಗೆದ. ಅರ್ಧಕ್ಕೆ ನಿಂತಿದ್ದ ಗೆರೆ ಅರ್ಧಕ್ಕೆ ನಿಂತಿರಲಿಲ್ಲ. ವಿಮಾನದ ಚಕ್ರ ಕೊರೆದ ಹಳ್ಳಗಳನ್ನು ದಾಟಿಕೊಂಡು, ಎಲ್ಲೂ ಸೊಟ್ಟಗಾಗದೆ, ಆ ತುದಿಯವರೆಗೂ ಹೋಗಿತ್ತು. ತುದಿಯಲ್ಲಿ ಗೇಣುದ್ದದ ಒಂದು ಅಡ್ಡಗೆರೆ.

ನಾನು ಬೆರಳಿಟ್ಟು ನೋಡಿದೆ. ಹಸಿಯಾಗಿತ್ತು.