ಕಟ್ಟೆಯ ತುದಿಯಲ್ಲಿ ಸಹಿ
ಹಡ್ಸನ್ ದಡದ ಬಂದರು ಕಚೇರಿಯೆದುರು ಕಾಫಿ ಗಾಡಿಯ ಸ್ತಾವ್ರೋಸ್ ಲೋಟ ತುಂಬಿಸುತ್ತಲೇ ಕಿವಿ ನಿಮಿರಿಸಿದ. ಸಾಲಿನಲ್ಲಿದ್ದ ಲೊರೇನ್‌ಗೆ ಅವಳ ವಕೀಲ ಮಿಲ್ಟನ್ ಪಿಸುಗುಡುತ್ತಿದ್ದ.

"ಸಹಿ ಹಾಕ್ಬೇಡಿ ಮೇಡಂ. ಹಡಗುಕಟ್ಟೆ ಹೊತ್ತಿರೋ ನೀರೊಳಗಿನ ಮರದ ಕಂಬ ಕುಸಿದ್ರೂ ಹೊಣೆ ನಿಮ್ದೇ ಅಂತ ಗುತ್ತಿಗೆ ಪತ್ರದಲ್ಲಿದೆ."

"ಮಕ್ಕಳ ಸ್ಕೇಟಿಂಗ್ ಅಂಗಳ ಮಾಡೋಕೆ ತಗೋತಿರೋ ಜಾಗ ಮಾರಾಯ! ನೂರು ವರ್ಷ ಹಡಗಿನ ಸರಕು ಹೊತ್ತ ಕಟ್ಟೆ ಅದು."

"ಆಗ ನದಿ ಗಬ್ಬು, ಹುಳ ಬದುಕ್ತಿರಲಿಲ್ಲ. ಈಗ ನೀರು ಚೊಕ್ಕ, ಮರ ತಿನ್ನೋ ಹುಳಕ್ಕೆ ಹಬ್ಬ. ಮುಳುಗಿ ನೋಡಿದೋನ ಕೈ ಕಂಬದೊಳಗೆ ಮೊಣಕೈವರೆಗೂ ಹೋಯ್ತಂತೆ."

"ಅಯ್ಯೋ! ಬಂದರಿನವರ ಇಂಜಿನಿಯರ್ ಗಟ್ಟಿ ಅಂದ್ನಲ್ಲ?"

"ರಸ್ತೆ ಮೇಲೆ ನಿಂತ್ಕೊಂಡು ಅಂದ. ಕಟ್ಟೆಗೆ ಕಾಲೇ ಇಡ್ಲಿಲ್ಲ."

ಲೊರೇನ್ ತನ್ನ ಲೋಟ ತೆಗೆದುಕೊಂಡು ಗಾಡಿಯ ಮೇಲೆ ದುಡ್ಡಿಟ್ಟಳು.

"ಹಾಗಾದ್ರೆ ಒಂದು ಷರತ್ತು ಬರಿ. ಸಹಿ ಆಗೋದು ಕಟ್ಟೆಯ ತುತ್ತತುದೀಲಿ, ಅವರೆಲ್ಲ ಬಂದು ನಿಂತ್ಮೇಲೆ."

"ನಾನೂ ಬರ್ಬೇಕಾ?"

"ನೀನೇ ಮೊದ್ಲು."

ಇಬ್ಬರೂ ಕಚೇರಿ ಕಡೆ ನಡೆದರು. ಮಿಲ್ಟನ್‌ನ ಕಾಫಿ ಸ್ತಾವ್ರೋಸ್‌ನ ಕೈಯಲ್ಲೇ ಉಳಿಯಿತು.